ಪಂಚನಹಳ್ಳಿಯ ರಾತ್ರಿ ಬಿಸಿಲು

೨೦೨೪ರ ಬೇಸಿಗೆ. ಆಗ ನಾನು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ನೋಡಿಕೊಳ್ಳುವ ಫೀಲ್ಡ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ಕೇಳಲು ಚೆನ್ನಾಗಿದೆ. ಮಾಡುತ್ತಿದ್ದ ಕೆಲಸ ಹೇಳಿದರೆ ನಗುತ್ತೀರಿ: ಮಳೆ ಮಾಪಕದ ಬಾಯಿಗೆ ಸಿಕ್ಕಿಕೊಂಡ ಕಸ ತೆಗೆಯುವುದು, ಸೋಲಾರ್ ಪ್ಯಾನೆಲ್ ಮೇಲಿನ ಹಕ್ಕಿ ಹಿಕ್ಕೆ ಒರೆಸುವುದು, ಪೆಟ್ಟಿಗೆಯೊಳಗೆ ಸಂಸಾರ ಹೂಡಿದ ಇರುವೆಗಳನ್ನು ಹೊರಗಟ್ಟುವುದು. ಮನೆ ತರೀಕೆರೆಯಲ್ಲಿ. ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು. ನನ್ನ ಎರಡೂ ಮಂಡಿಗಳು ಮಾತ್ರ ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದ್ದವು.

ಅಷ್ಟು ವರ್ಷಗಳಲ್ಲಿ ಎಷ್ಟೋ ದೋಷಗಳನ್ನು ಸರಿಪಡಿಸಿದ್ದೇನೆ, ಸರಿಪಡಿಸಿದ ಮರುದಿನ ಮರೆತಿದ್ದೇನೆ. ಪಂಚನಹಳ್ಳಿಯ ಕೇಂದ್ರದ್ದು ಮಾತ್ರ ಮರೆಯಲಾಗುತ್ತಿಲ್ಲ. ಕಂಪ್ಯೂಟರ್ ಪರದೆಯ ಮೇಲಿದ್ದ ಒಂದು ತಪ್ಪು ಸಂಖ್ಯೆಯನ್ನು ಕಳೆದುಹಾಕುವುದೋ, ಅದು ಎಲ್ಲಿಂದ ಬಂತೆಂದು ಹುಡುಕುವುದೋ ಎಂಬುದರ ಮೇಲೆ ಅಲ್ಲೊಬ್ಬ ಹೆಂಗಸಿನ ಪ್ರಾಣ ನಿಂತಿತ್ತು. ಅವತ್ತು ನನಗದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಂಡಿ ನೋವು ಒಂದೇ.

ಮೊದಲು ಯಂತ್ರದ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ. ಬಿಸಿಲಿನ ತೀವ್ರತೆ ಅಳೆಯಲು ಪೈರನೋಮೀಟರ್ ಎಂಬ ಉಪಕರಣ ಇದೆ. ಗಾಜಿನ ಚಿಕ್ಕ ಗುಮ್ಮಟದ ಕೆಳಗೆ ಕಪ್ಪು ಬಿಲ್ಲೆ. ಬಿಸಿಲು ಬಿದ್ದರೆ ಅದು ಅತಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಆ ವೋಲ್ಟೇಜನ್ನು ತಂತಿಯ ಮೂಲಕ ತೆಗೆದುಕೊಂಡು ಸಂಖ್ಯೆಯಾಗಿಸಿ ಬರೆದಿಡುವ ಪೆಟ್ಟಿಗೆಗೆ ಡೇಟಾ ಲಾಗರ್ ಎನ್ನುತ್ತೇವೆ. ಬೇಸಿಗೆಯ ಮಟಮಟ ಮಧ್ಯಾಹ್ನ ಅದು ಚದರ ಮೀಟರಿಗೆ ಒಂಬೈನೂರು, ಸಾವಿರ ವ್ಯಾಟ್ ತೋರಿಸುತ್ತದೆ. ರಾತ್ರಿ ಸೊನ್ನೆ ತೋರಿಸಬೇಕು. ಮೈನಸ್ ಎರಡೋ ಮೂರೋ ತೋರಿಸಿದರೂ ಸಹಜ. ಇರಬೇಕಾದ ಸೊನ್ನೆಯಿಂದ ಯಂತ್ರ ತೋರಿಸುವ ಸಂಖ್ಯೆ, ಅಂದರೆ ಓದು, ಮೇಲಕ್ಕೋ ಕೆಳಕ್ಕೋ ಸರಿದು ಕೂತರೆ ಅದನ್ನು ಆಫ್‌ಸೆಟ್ ಅನ್ನುತ್ತಾರೆ. ತಕ್ಕಡಿಯಲ್ಲಿ ಏನೂ ಇಡದೆಯೇ ಮುಳ್ಳು ಪಕ್ಕಕ್ಕೆ ವಾಲಿಕೊಂಡಿರುತ್ತದಲ್ಲ, ಹಾಗೆ.

ಪಂಚನಹಳ್ಳಿಯ ಕೇಂದ್ರ ಜನವರಿಯಿಂದ ರಾತ್ರಿಯಲ್ಲಿ ಬಿಸಿಲು ತೋರಿಸಲು ಶುರುಮಾಡಿತು. ಮೊದಲು ಹತ್ತು ಹನ್ನೆರಡು ವ್ಯಾಟ್. ಮಾರ್ಚಿಗೆ ಮೂವತ್ತು. ಏಪ್ರಿಲ್‌ನಲ್ಲಿ ಐವತ್ತು ದಾಟಿತು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಏರುತ್ತಿತ್ತು, ಬೆಳಗಾಗುತ್ತಲೇ ಇಳಿಯುತ್ತಿತ್ತು. ಈ ಓದಿನ ಲೆಕ್ಕದ ಮೇಲೆ ತೆಂಗಿಗೆ ಇವತ್ತು ಎಷ್ಟು ನೀರು ಬಿಡಬೇಕು ಎಂದು ರೈತರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬೋರ್‌ವೆಲ್‌ಗಳು ಕೆಮ್ಮುತ್ತಿದ್ದವು. ಅಂಥಾ ಹೊತ್ತಿನಲ್ಲಿ ರಾತ್ರಿ ಬಿಸಿಲನ್ನೂ ಸೇರಿಸಿ ನೀರು ಬಿಡಿ ಅಂತ ಹೇಳಿದರೆ ಜನ ನಮ್ಮನ್ನು ಅಟ್ಟಾಡಿಸಿಕೊಂಡು ಬರುತ್ತಿದ್ದರು.

ಬೆಂಗಳೂರಿನ ನಮ್ಮ ಕಚೇರಿಯಿಂದ ಮ್ಯಾನೇಜರ್ ಸುರೇಶ್ ಫೋನ್ ಮಾಡಿದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯರೇ. ಆದರೆ ಅವರ ಪರದೆಯ ಮೇಲೆ ಇಂಥ ಕೇಂದ್ರಗಳ ದೊಡ್ಡ ಹಿಂಡೇ ಇತ್ತು, ಒಂದೊಂದರ ಕತೆ ಕೇಳುತ್ತ ಕೂರಲು ಪುರುಸೊತ್ತಿರಲಿಲ್ಲ.

“ರಫೀಕ್ ಅವರೇ, ಸೆನ್ಸರ್ ಒಮ್ಮೆ ನೋಡಿಬನ್ನಿ. ಸರಿಹೋಗದಿದ್ದರೆ ರಾತ್ರಿ ಎಷ್ಟು ಬರುತ್ತೋ ಅಷ್ಟನ್ನ ಸಾಫ್ಟ್‌ವೇರ್‌ನಲ್ಲಿ ಕಳೆದುಬಿಡೋಣ. ಕಂಪ್ಲೇಂಟ್ ಕ್ಲೋಸ್ ಮಾಡಿ ಸಾಕು.”

ನನಗೂ ಅದೇ ಬೇಕಾಗಿತ್ತು. ತರೀಕೆರೆಯಿಂದ ಬೀರೂರು ದಾಟಿ, ಕಡೂರು ದಾಟಿ ಪಂಚನಹಳ್ಳಿಗೆ ಬೈಕಿನಲ್ಲಿ ಹೋಗುವುದೆಂದರೆ ಬೆನ್ನಿನ ಒಂದೊಂದು ಮೂಳೆಯೂ ಹಾಜರಿ ಹೇಳುತ್ತದೆ. ಆದರೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಸೆನ್ಸರ್ ಕೆಟ್ಟಿದ್ದರೆ ಹಗಲೂ ರಾತ್ರಿ ಕೆಟ್ಟಿರಬೇಕು. ಇದು ಸಂಜೆ ಬಂದು ಬೆಳಗ್ಗೆ ಹೋಗುತ್ತದೆ, ನೆಂಟರ ಹಾಗೆ.

ನಮ್ಮ ಕಸುಬಿನಲ್ಲಿ ಅನುಮಾನ ಬಂದಾಗ ಮೊದಲು ಮಾಡುವುದು ಅದಲುಬದಲು. ಅಜ್ಜಂಪುರದ ಕೇಂದ್ರದಲ್ಲಿ ಚೆನ್ನಾಗಿದ್ದ ಪೈರನೋಮೀಟರನ್ನು ಬಿಚ್ಚಿ ಪಂಚನಹಳ್ಳಿಗೆ ಒಯ್ದೆ. ಪಂಚನಹಳ್ಳಿಯದನ್ನು ಅಜ್ಜಂಪುರಕ್ಕೆ ಹಾಕಿದೆ. ಎರಡು ದಿನ ಕಾದೆ. ಕೆಟ್ಟಿದೆ ಅಂದುಕೊಂಡಿದ್ದು ಅಜ್ಜಂಪುರದಲ್ಲಿ ರಾತ್ರಿ ಕಣ್ಣುಮುಚ್ಚಿ ಮಲಗಿತು, ಅಚ್ಚುಕಟ್ಟಾಗಿ ಮೈನಸ್ ಎರಡು. ಚೆನ್ನಾಗಿದ್ದದ್ದು ಪಂಚನಹಳ್ಳಿಗೆ ಹೋಗಿ ಕೆಟ್ಟುಹೋಯಿತು. ಆಮೇಲೆ ತರೀಕೆರೆಯಲ್ಲಿ ಇಟ್ಟಿದ್ದ ಹೆಚ್ಚುವರಿ ಲಾಗರ್ ತೆಗೆದುಕೊಂಡು ಮತ್ತೆ ಹೋದೆ. ಲಾಗರ್ ಬದಲಾಯಿಸಿದರೂ ಐವತ್ತೈದು ವ್ಯಾಟ್. ಕೇಬಲ್ ಬದಲಾಯಿಸಿದೆ. ಐವತ್ತೆಂಟು. ನನ್ನ ಹೆಂಡತಿ, “ನೀವು ಹೋದಷ್ಟೂ ಜಾಸ್ತಿ ಆಗ್ತಿದೆ, ಹೋಗೋದು ಬಿಟ್ಟುನೋಡಿ” ಅಂದಳು. ನಗಲೂ ತ್ರಾಣವಿರಲಿಲ್ಲ.

ಕೇಂದ್ರ ಇದ್ದದ್ದು ಊರಿಂದ ಒಂದಿಷ್ಟು ದೂರ, ಗಂಗಮ್ಮ ಎಂಬುವರ ಹೊಲದಲ್ಲಿ. ಬೇಲಿ ಹಾಕಿದ ಪುಟ್ಟ ಜಾಗದಲ್ಲಿ ನಮ್ಮ ಕಂಬ, ಅದಕ್ಕೆ ಸೋಲಾರ್ ಪ್ಯಾನೆಲ್. ಮೂವತ್ತು ಮಾರು ಆಚೆ ಅವರ ಬೋರ್‌ವೆಲ್, ಬಟ್ಟೆ ಒಗೆಯುವ ಕಲ್ಲು, ಕಬ್ಬಿಣದ ಪೈಪಿನ ನಲ್ಲಿ, ನಲ್ಲಿಯ ಕೆಳಗೆ ಎಮ್ಮೆಗೆ ನೀರು ಕುಡಿಸುವ ಕಲ್ಲಿನ ಬಾನಿ. ಅದರಾಚೆ ಮನೆ. ಗಂಗಮ್ಮನಿಗೆ ಅರವತ್ತೈದರ ಆಸುಪಾಸು. ನಾನು ಗಂಗಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಸಾಬ್ರೇ ಅನ್ನುತ್ತಿದ್ದರು. ಮಗ ಮಂಜುನಾಥ ಜೊತೆಗಿದ್ದ. ಬೇಸಾಯ, ಒಂದು ಎಮ್ಮೆ, ಆ ವರ್ಷ ಹೊಸದಾಗಿ ನಾಟಿ ಕೋಳಿ ಸಾಕಣೆ. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು.

ಕೇಬಲ್ ಬದಲಾಯಿಸಿದ ದಿನ ಮಧ್ಯಾಹ್ನ ಬಿಸಿಲಿಗೆ ತಲೆ ಧಿಮ್ಮೆಂದು, ಹೋಗಿ ಅವರ ಬೇವಿನ ಮರದ ಕೆಳಗೆ ಕೂತೆ. ಸಾಕಾಗಿತ್ತು. ಸುರೇಶ್ ಹೇಳಿದ ಹಾಗೆ ಐವತ್ತೆಂಟನ್ನು ಕಳೆದುಹಾಕಿ ಮನೆಗೆ ಹೋಗಿ ಮಲಗುವುದೆಂದು ತೀರ್ಮಾನಿಸಿಯೇಬಿಟ್ಟಿದ್ದೆ. ಗಂಗಕ್ಕ ಒಂದು ಚೊಂಬು ಮಜ್ಜಿಗೆ ತಂದು ಇಟ್ಟು, ಪಾತ್ರೆ ತೊಳೆಯಲು ನಲ್ಲಿ ಹತ್ತಿರ ಹೋದರು. ಕೂತು, ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಒಲೆಯ ಮೇಲಿಂದ ಪಾತ್ರೆ ಇಳಿಸುವವರ ಹಾಗೆ ಹಿಡಿದುಕೊಂಡು ನಲ್ಲಿ ತಿರುಗಿಸಿದರು.

“ನಲ್ಲಿ ಅಷ್ಟು ಸುಡ್ತಾ ಇದೆಯಾ ಗಂಗಕ್ಕ?” ಅಂದೆ.

“ಈಗೇನೂ ಇಲ್ಲ ಬುಡಿ. ರೂಢಿ ಆಗೋಗೈತೆ. ಸಂಜೆ ಹೊತ್ನಾಗೆ ಮುಟ್ಟಿದ್ರೆ ಕೈಯೆಲ್ಲಾ ಜುಮ್ ಅಂತದೆ ಕಣ್ರೀ ಸಾಬ್ರೇ. ಇರುವೆ ಹರ್‍ದಂಗೆ ಆಯ್ತದೆ, ಮೊಣಕೈ ತಂಕ. ನರದ ವೀಕ್ನೆಸ್ಸು ಅಂದ್ರು ಕಡೂರು ಡಾಕ್ಟ್ರು. ಗುಳಿಗೆ ಬರ್‍ಕೊಟ್ಟವ್ರೆ, ತಿಂತಾ ಇವ್ನಿ.”

“ಯಾವಾಗಿಂದ?”

“ಸಂಕ್ರಾಂತಿ ಆದ್ಮ್ಯಾಕೆ. ಈಗೀಗ ಜಾಸ್ತಿ. ನಂದಿರ್‍ಲಿ, ನಮ್ಮೆಮ್ಮೆಗೆ ಏನ್ ಬಂದೈತೋ, ಸಂಜೆ ಆದ್ರೆ ಬಾನಿ ಹತ್ರ ಎಳ್ಕಂಬಂದ್ರೂ ಮೂತಿ ಇಡಕ್ಕಿಲ್ಲ. ಬಿಂದಿಗೇಲಿ ಕೊಟ್ರೆ ಗಟಗಟ ಕುಡೀತದೆ. ದೃಷ್ಟಿ ಆಗೈತೆ ಅಂತ ಕೊರಳ್ಗೆ ತಾಯ್ತ ಕಟ್ಸಿದೀವಿ.”

ಮಜ್ಜಿಗೆ ಚೊಂಬು ಕೈಯಲ್ಲೇ ಉಳಿಯಿತು. ಸಂಕ್ರಾಂತಿ ಆದ ಮೇಲೆ. ಸಂಜೆ ಹೊತ್ತು. ಈಗೀಗ ಜಾಸ್ತಿ. ನನ್ನ ಪೆಟ್ಟಿಗೆ ಜನವರಿಯಿಂದ ಹೇಳುತ್ತಿದ್ದದ್ದನ್ನೇ ಆಕೆ ತಮ್ಮ ಮೊಣಕೈ ತೋರಿಸಿ ಹೇಳುತ್ತಿದ್ದರು. ನರದ ಗುಳಿಗೆ ನುಂಗಿಕೊಂಡು ನಾಲ್ಕು ತಿಂಗಳಿಂದ ಬರಿಗಾಲಲ್ಲಿ ಒದ್ದೆ ಕಲ್ಲಿನ ಮೇಲೆ ಕೂತು ಕರೆಂಟು ಮುಟ್ಟುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು, ಮುಚ್ಚುಮರೆ ಏಕೆ.

ಮಂಜ ಹೊಲದಿಂದ ಬಂದ. ಮನೆಗೆ ಕರೆಂಟು ಹೇಗೆ ಎಳೆದಿದ್ದೀಯಾ ಎಂದು ಕೇಳಿದೆ. ಸಂಕೋಚವೇನೂ ಇಲ್ಲದೆ ತೋರಿಸಿದ. ಅವರ ಮನೆ ಹೊಲದಲ್ಲಿತ್ತು. ಮನೆಯ ಲೈನು ಅಲ್ಲಿಗೆ ಬಂದಿರಲಿಲ್ಲ. ಬಂದದ್ದು ಬೋರ್‌ವೆಲ್ ಮೋಟಾರಿನ ಮೂರು ಫೇಸ್ ತಂತಿ ಮಾತ್ರ. ಬಲ್ಬು ಉರಿಯಬೇಕಾದರೆ ಒಂದು ಫೇಸ್ ಬೇಕು, ಕರೆಂಟು ವಾಪಸ್ ಹೋಗಲು ನ್ಯೂಟ್ರಲ್ ಎಂಬ ತಂತಿ ಬೇಕು. ನ್ಯೂಟ್ರಲ್ ಇಲ್ಲದ ಕಡೆ ನಮ್ಮ ಸೀಮೆಯ ಹೊಲದ ಮನೆಗಳಲ್ಲಿ ಒಂದು ಉಪಾಯ ಮಾಡುತ್ತಾರೆ. ಮೋಟಾರ್ ಸ್ಟಾರ್ಟರಿನಿಂದ ಒಂದು ಫೇಸ್ ಎಳೆದು, ಬಲ್ಬಿನ ಇನ್ನೊಂದು ತುದಿಯನ್ನು ಭೂಮಿಗೆ ಕೊಡುತ್ತಾರೆ. ಇದಕ್ಕೆ ‘ಅರ್ಥ್ ಕೊಡೋದು’ ಅಂತ ಹೆಸರು. ಮಂಜ ಅರ್ಥ್ ಕೊಟ್ಟಿದ್ದು ನೆಲದಲ್ಲಿ ಹೂತಿದ್ದ ಆ ಕಬ್ಬಿಣದ ಪೈಪಿಗೆ. ನಲ್ಲಿಯ ಪೈಪಿಗೆ.

“ಜನವರೀಲಿ ಹೊಸದೇನು ಹಾಕಿದೆ?”

“ಕೋಳಿಮರಿ ತಂದ್ವಲ್ಲ ಸಾರ್, ಶಾಖಕ್ಕೆ ಅಂತ ದೊಡ್ ಬಲ್ಬು ನಾಕು ಹಾಕ್ದೆ. ಬಲ್ಬು ಪದೇಪದೇ ಸುಟ್ಟೋಗ್ತಿತ್ತು. ಅಂಗಡಿಯೋರು ಡಯೋಡ್ ಅಂತ ಒಂದ್ ಸಣ್ಣದು ಕೊಟ್ರು, ಅದ್ನ ಹಾಕುದ್ಮೇಲೆ ಒಂದೂ ಸುಟ್ಟಿಲ್ಲ.”

ಎಲ್ಲವೂ ಕೂಡಿಕೊಂಡಿತು. ಸಾಮಾನ್ಯ ಮನೆ ಕರೆಂಟು ಹಿಂದಕ್ಕೂ ಮುಂದಕ್ಕೂ ತೂಗುವಂಥದ್ದು; ಅದು ಸ್ವಲ್ಪಮಟ್ಟಿಗೆ ನೆಲದಲ್ಲಿ ಹರಿದರೂ ನಮ್ಮ ಲಾಗರ್ ಎರಡೂ ಕಡೆಯದನ್ನು ಸರಿದೂಗಿಸಿ ಸೋಸಿಬಿಡುತ್ತದೆ. ಡಯೋಡ್ ಹಾಕಿದರೆ ಅದು ಒಂದೇ ಕಡೆಗೆ ಹರಿಯುತ್ತದೆ. ಆ ಹರಿವು ಮಣ್ಣಿನಲ್ಲಿ ಹಾದು ನಮ್ಮ ಕಂಬದ ಅರ್ಥಿಗೂ ಲಾಗರಿನ ಅರ್ಥಿಗೂ ನಡುವೆ ಕೂದಲೆಳೆಯಷ್ಟು ವೋಲ್ಟೇಜ್ ಹುಟ್ಟಿಸುತ್ತಿತ್ತು. ಲಾಗರ್ ಅದನ್ನು ಬಿಸಿಲು ಅಂದುಕೊಳ್ಳುತ್ತಿತ್ತು. ನೆಲ ಒಣಗಿದಷ್ಟೂ ಕರೆಂಟು ಇಳಿಯಲು ದಾರಿ ಕಷ್ಟವಾಗಿ ಪೈಪಿನಲ್ಲಿ ವೋಲ್ಟೇಜ್ ಏರುತ್ತಿತ್ತು. ನಮ್ಮ ಕೇಂದ್ರ ಸೋಲಾರಿನದು, ಮನೆ ಕರೆಂಟಿಗೂ ಅದಕ್ಕೂ ಒಂದೇ ಒಂದು ತಂತಿಯ ನಂಟೂ ಇಲ್ಲ ಎಂದು ನಾನು ಆ ದಿಕ್ಕಿಗೆ ತಲೆಯನ್ನೇ ಹಾಕಿರಲಿಲ್ಲ. ನಡುವೆ ನೆಲ ಇತ್ತು.

ಕತ್ತಲಾಗುವವರೆಗೆ ಕಾದೆ. ಲ್ಯಾಪ್‌ಟಾಪನ್ನು ಲಾಗರಿಗೆ ಜೋಡಿಸಿ, ಗಂಗಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬಲ್ಬು ಹಾಕು ಎಂದು ಮಂಜನಿಗೆ ಕೂಗಿದೆ. ಮೈನಸ್ ಎರಡು ಇದ್ದದ್ದು ಐವತ್ತೇಳಕ್ಕೆ ನೆಗೆಯಿತು. ಆರಿಸು ಅಂದೆ. ಮೈನಸ್ ಎರಡು. ಹಾಕು. ಐವತ್ತೇಳು.

“ಅಯ್ ಶಿವನೇ! ನಮ್ಮನೆ ಬಲ್ಬು ನಿಮ್ ಪೆಟ್ಗೆಗೆ ಕಾಣ್ತದಾ?” ಎಂದು ಗಂಗಕ್ಕ ಬಾಯಿಗೆ ಸೆರಗು ಹಿಡಿದರು.

ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ನಲ್ಲಿಗೂ ಇನ್ನೊಂದನ್ನು ಒದ್ದೆ ಕಲ್ಲಿನ ಪಕ್ಕದ ನೆಲಕ್ಕೂ ಇಟ್ಟೆ. ನಲವತ್ತೆಂಟು ವೋಲ್ಟ್.

ಮಂಜ ನಕ್ಕ. “ಅಷ್ಟೇನಾ? ನಲವತ್ತೆಂಟಕ್ಕೆ ಯಾರು ಸಾಯ್ತಾರೆ ಸಾರ್? ಇಲ್ಲಿ ಎಲ್ರ ಮನೇಲೂ ಹಿಂಗೇಯ. ಹತ್ತು ವರ್ಷದಿಂದ ಐತೆ. ಈ ವಾರ ಮೇವು ಕತ್ತರ್ಸೋ ಮಿಷನ್ನೂ ಇದುಕ್ಕೇ ಕೊಡ್ಬೇಕು ಅಂತಿವ್ನಿ.”

ಕೊಟ್ಟಿಗೆಯಲ್ಲಿ ಮಿಷನ್ ಹೊಸ ಬಣ್ಣದಲ್ಲಿ ಹೊಳೆಯುತ್ತ ನಿಂತಿತ್ತು. ನನಗೆ ಎಲ್ಲಿತ್ತೋ ಸಿಟ್ಟು. ನಾಲ್ಕು ಬಲ್ಬಿಗೇ ನಲವತ್ತೆಂಟು. ಆ ಮಿಷನ್ನಿನ ಮೋಟಾರು ಎಳೆಯುವಷ್ಟು ಕರೆಂಟನ್ನು ಈ ಒಣ ನೆಲ ಇಳಿಸಿಕೊಳ್ಳಲಾರದು. ಮೋಟಾರು ತಿರುಗುವುದಿಲ್ಲ, ಫೇಸಿನ ವೋಲ್ಟೇಜೆಲ್ಲ ಬಂದು ಪೈಪಿನಲ್ಲಿ ನಿಲ್ಲುತ್ತದೆ. ಅದನ್ನೆಲ್ಲ ವಿವರಿಸುವ ತಾಳ್ಮೆ ಉಳಿದಿರಲಿಲ್ಲ.

“ಲೇ ಮಂಜಾ, ಚಪ್ಪಲಿ ಬಿಡು. ಆ ಒದ್ದೆ ಕಲ್ಲ ಮೇಲೆ ನಿಂತ್ಕೊ. ನಲ್ಲಿ ಹಿಡ್ಕೊ ನೋಡೋಣ.”

ಅವನು ನನ್ನ ಮುಖ ನೋಡಿದ, ನಲ್ಲಿ ನೋಡಿದ. ಚಪ್ಪಲಿ ಬಿಡಲಿಲ್ಲ.

“ನಿಮ್ಮವ್ವ ದಿನಾ ಹಿಡ್ಕೊಂತಾರೆ ಕಣೋ!”

ಅಷ್ಟು ಜೋರಾಗಿ ಕಿರುಚಿದ್ದಕ್ಕೆ ನನಗೇ ಕೆಮ್ಮು ಬಂತು. ಗಂಗಕ್ಕ, “ಹೋಗ್ಲಿ ಬುಡಿ ಸಾಬ್ರೇ, ಮಗ ಬೇಕಂತ ಮಾಡಿದ್ದಾ” ಎಂದು ಮಗನ ಪರ ವಹಿಸಿದರು. ಬೇಕಂತ ಮಾಡಿರಲಿಲ್ಲ, ನಿಜ. ಮನೆಯ ಲೈನಿಗೆ ಅರ್ಜಿ ಹಾಕಿದ್ದ. ಎರಡು ಕಂಬ ಹೊಸದಾಗಿ ನೆಡಬೇಕು, ಸರದಿ ಬರಲಿ ಎಂದು ಕರೆಂಟ್ ಆಫೀಸಿನಲ್ಲಿ ಹೇಳಿ ಕಳಿಸಿದ್ದರು. ಕತ್ತಲಲ್ಲಿ ಕೂರಲಾದೀತೇ? ಎಲ್ಲರೂ ಮಾಡಿದ್ದನ್ನು ಅವನೂ ಮಾಡಿದ್ದ. ಮಂಜ ಹೋಗಿ ಪೈಪಿಗೆ ಸುತ್ತಿದ್ದ ತಂತಿ ಬಿಚ್ಚಿದ, ತುದಿಗೆ ಟೇಪ್ ಸುತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿದ. ಮನೆ ಕತ್ತಲಾಯಿತು; ಇನ್ನು ಲೈನು ಬರುವ ತನಕ ದೀಪದ ಬುಡ್ಡಿಯೇ ಗತಿ. ಗಂಗಕ್ಕ ಕೋಳಿಮರಿಗಳನ್ನು ಪುಟ್ಟಿಯಲ್ಲಿ ತುಂಬಿಕೊಂಡು ಒಲೆಯ ಬೆಚ್ಚಗೆ ಇಟ್ಟರು. ಅಷ್ಟು ಹೊತ್ತಿಗೆ ಎಮ್ಮೆ ತಾನಾಗಿ ಬಂದು ಬಾನಿಗೆ ಮೂತಿ ಹಾಕಿ ನೀರು ಹೀರತೊಡಗಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು.

ಹೊರಡುವಾಗ ಗಂಗಕ್ಕನಿಗೆ ಒಂದೇ ಮಾತು ಹೇಳಿದೆ. “ಮನುಷ್ಯರಿಗೆ ಗೊತ್ತಾಗೋಕೆ ಮುಂಚೆ ಎಮ್ಮೆಗೆ ಗೊತ್ತಾಗುತ್ತೆ. ಎಮ್ಮೆ ಬಾನಿ ಮುಟ್ಟದಿದ್ದ ದಿನ ನೀವೂ ಮುಟ್ಟಬೇಡಿ. ನನಗೆ ಫೋನ್ ಮಾಡಿ.” ನನ್ನ ನಂಬರನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟೆ.

ಸುರೇಶ್ ಅವರಿಗೆ ಎಲ್ಲವನ್ನೂ ಹೇಳಿದೆ. “ಅಬ್ಬಾ, ಒಳ್ಳೆ ಕೆಲಸ ಮಾಡಿದ್ರಿ” ಅಂದವರು, ಉಸಿರು ಎಳೆದುಕೊಳ್ಳುವುದರೊಳಗೆ, “ಹಾಗಾದರೆ ಹಿಂದಿನ ನಾಲ್ಕು ತಿಂಗಳ ಡೇಟಾದಿಂದ ಎಷ್ಟು ಕಳೆಯೋಣ?” ಅಂದರು. ಆ ಪ್ರಶ್ನೆಯೂ ತಪ್ಪಲ್ಲ. ಅವರ ಕೆಲಸ ಅದು.

ಅಲ್ಲಿಂದ ನನಗೊಂದು ಚಟ ಹತ್ತಿತು. ದಿನಾ ಸಂಜೆ ಮೊಬೈಲಿನಲ್ಲಿ ಪಂಚನಹಳ್ಳಿಯ ಬಿಸಿಲು ನೋಡುವುದು. ಮೈನಸ್ ಎರಡು ಕಂಡರೆ ಊಟ ರುಚಿಸುತ್ತಿತ್ತು. ಮಳೆಗಾಲದಲ್ಲಿ ಒಂದು ಸಂಜೆ ಒಂಬತ್ತು ಕಂಡಿತು. ಮಂಜನಿಗೆ ಫೋನ್ ಹಚ್ಚಿದೆ.

“ಮತ್ತೆ ಪೈಪಿಗೆ ಕೊಟ್ಟಿದೀಯಾ?”

“ನಿಮ್ಗೆಂಗ್ ಗೊತ್ತಾಯ್ತು ಸಾರ್? ಮಳೆ ಬಂದು ನೆಲ ನೆಂದೈತಲ್ಲ, ಏನಾಗಲ್ಲ ಅಂತ... ಹೊಸ ಮರಿ ತಂದಿದ್ವು...”

ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಫೋನ್ ಇಡುವುದರೊಳಗೆ ಓದು ಕೆಳಗಿಳಿಯಿತು. ಸುಸ್ತಾಗಿದ್ದರೂ ಅವತ್ತು ಒಂಥರಾ ಖುಷಿಯಾಯಿತು. ತಪ್ಪು ಸಂಖ್ಯೆ ಅಂತ ನಾಲ್ಕು ತಿಂಗಳು ಗೋಳು ಹೊಯ್ದುಕೊಂಡದ್ದು ಈಗ ಕಾವಲು ಕಾಯುತ್ತಿತ್ತು. ನ್ಯಾಯವಾಗಿ ಆ ಪೈರನೋಮೀಟರಿಗೆ ಎರಡು ಚಾನೆಲ್, ಅಂದರೆ ತಂತಿ ಸೇರಿಸುವ ಎರಡು ಕಿಂಡಿ, ಕೊಟ್ಟು, ನೆಲದ ಗಲಾಟೆ ತಾಗದ ಹಾಗೆ ಜೋಡಿಸಬೇಕಿತ್ತು. ಲಾಗರಿನಲ್ಲಿ ಖಾಲಿ ಚಾನೆಲ್ ಇರಲಿಲ್ಲ. ಇಲ್ಲದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಮಾರನೆಯ ವರ್ಷದ ಬೇಸಿಗೆಗೆ ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂತು. ಸೂರ್ಯ ಮುಳುಗಿದ ಮೇಲೆ ಬಿಸಿಲಿನ ಓದು ಏನೇ ಬರಲಿ, ಅದು ತಾನಾಗಿ ಸೊನ್ನೆ ಮಾಡಿ ತೋರಿಸುತ್ತದೆ. ಮೂಲ ಓದು ಎಲ್ಲೋ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುತ್ತದೆ. ನಮಗೆ ಕಾಣುವುದು ಸೊನ್ನೆ. ನಾನು ಫೋನ್ ಮಾಡಿ, ಪಂಚನಹಳ್ಳಿಗಾದರೂ ಹಾಗೆ ಮಾಡಬೇಡಿ, ಒಂದು ಅಲಾರಂ ಇಡಿ ಎಂದು ಕೇಳಿಕೊಂಡೆ.

“ರಫೀಕ್ ಅವರೇ, ರಾತ್ರಿ ಮೈನಸ್ ಯಾಕೆ ಬರುತ್ತೆ, ಪ್ಲಸ್ ಯಾಕೆ ಬರುತ್ತೆ ಅಂತ ಎಲ್ಲಾ ಕಡೆಯಿಂದ ಕೇಳ್ತಾರೆ. ಉತ್ತರ ಹೇಳಿ ಸಾಕಾಗಿದೆ. ಒಂದು ಕೇಂದ್ರಕ್ಕೆ ಬೇರೆ ನಿಯಮ ಮಾಡೋಕಾಗಲ್ಲ” ಅಂದರು ಸುರೇಶ್. ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು. ಇನ್ನು ಕೆಲವೇ ತಿಂಗಳ ಸರ್ವೀಸು, ಯಾರ ಹತ್ತಿರ ಜಗಳ ಆಡುವುದು ಅನ್ನಿಸಿತು. ಗ್ರಾಫ್ ಮಾತ್ರ ಬಲು ಚೆಂದ ಕಾಣುತ್ತಿತ್ತು.

ಆ ಏಪ್ರಿಲ್‌ನ ಒಂದು ಸಂಜೆ, ನಾನು ಅಜ್ಜಂಪುರದ ಕೇಂದ್ರ ಮುಗಿಸಿ ತರೀಕೆರೆಗೆ ಬಂದು ಕಾಲು ಚಾಚಿ ಕೂತಿದ್ದೆ. ಗಂಗಕ್ಕನ ಫೋನ್ ಬಂತು. ಅವರೆಂದೂ ತಾವಾಗಿ ಮಾಡಿದವರಲ್ಲ.

“ಸಾಬ್ರೇ, ಎಮ್ಮೆ ಬಾನಿ ಮುಟ್ಟಾಕಿಲ್ಲ ಅಂತದೆ. ಮುಟ್ಟದಿರಾದೇನು, ದೂರದಿಂದ್ಲೇ ಕಾಲು ಎತ್ತೆತ್ತಿ ಕುಣೀತದೆ, ಹಗ್ಗ ಕಿತ್ಕಂಡು ಹಿಂದಕ್ಕೋಗ್ತದೆ. ನೀವು ಹೇಳಿದ್ರಲ್ಲ, ಅದುಕ್ಕೆ ಮಾಡ್ದೆ. ಆಗ್ಲೇ ಬುಟ್ಟಿದ್ ನಲ್ಲಿ ಬ್ಯಾರೆ ಸುರೀತಾ ಐತೆ, ಬಾನಿ ತುಂಬಿ ಹರೀತೈತೆ. ನಿಲ್ಲಿಸ್ಬುಟ್ಟು ಬಂದು ಮಾತಾಡ್ಲಾ?”

“ಬೇಡ! ಗಂಗಕ್ಕ, ಇದ್ದ ಜಾಗದಲ್ಲೇ ನಿಲ್ಲಿ. ನಲ್ಲಿ ಸುರೀಲಿ, ಹಾಳಾಗಿಹೋಗಲಿ. ಒದ್ದೆ ನೆಲಕ್ಕೆ ಕಾಲಿಡಬೇಡಿ. ಎಮ್ಮೆ ಹಗ್ಗ ಬಿಟ್ಟುಬಿಡಿ. ಮಂಜ ಎಲ್ಲಿ?”

“ಊರೊಳಕ್ಕೆ ಹೋದ. ಮೇವಿನ ಮಿಷನ್ಗೆ ಅದೆಲ್ಲಿಂದ್ಲೋ ಮತ್ತೆ ತಂತಿ ಎಳ್ದು ಹಾಕ್ದ, ಗುಂಯ್ ಅಂತು, ತಿರುಗ್ಲಿಲ್ಲ. ಅದೇನೋ ಕಂಡೆನ್ಸರ್ ತತ್ತೀನಿ ಅಂತ ಗಾಡಿ ಹತ್ಕಂಡು ಹೋದ.”

“ಸ್ವಿಚ್ ಆಫ್ ಮಾಡಿಹೋದನಾ?”

“ಇಲ್ಲೆ ಕೊಟ್ಟಿಗೇಲಿ ಗುಂಯ್ ಅಂತಾನೇ ಐತಲ್ಲಪ್ಪ.”

ಒಂದು ಕಿವಿಗೆ ನನ್ನ ಫೋನ್, ಇನ್ನೊಂದು ಕಿವಿಗೆ ಹೆಂಡತಿಯ ಫೋನ್ ಹಿಡಿದು ಮಂಜನನ್ನು ಹಿಡಿದೆ. ಪುಣ್ಯಕ್ಕೆ ಎತ್ತಿದ. ಏನು ಹೇಳಿದೆನೋ ನೆನಪಿಲ್ಲ. ಅವನು ಅಂಗಡಿಯಿಂದ ಹಾಗೇ ಗಾಡಿ ತಿರುಗಿಸಿದ. ಅವನು ಬರುವವರೆಗೂ ನಾನು ಗಂಗಕ್ಕನ ಜೊತೆ ಮಾತಾಡುತ್ತಲೇ ಇದ್ದೆ. ಸೊಸೆ ಹೇಗಿದ್ದಾಳೆ, ಮೊಮ್ಮಗನಿಗೆ ಹಲ್ಲು ಬಂತೇ, ಇವತ್ತು ಸಾರು ಏನು. ಫೋನ್ ಇಟ್ಟರೆ ಅಭ್ಯಾಸಬಲದಿಂದ ಹೋಗಿ ಆ ನಲ್ಲಿ ನಿಲ್ಲಿಸುತ್ತಾರೆಂಬ ಭಯ. ನೀರು ಸುಮ್ಮನೆ ಹರಿದುಹೋಗುವುದನ್ನು ನೋಡುತ್ತ ನಿಲ್ಲುವುದು ಆ ಸೀಮೆಯ ಹೆಂಗಸಿಗೆ ಸಾಧ್ಯವಿಲ್ಲದ ಕೆಲಸ. “ದಂಡ ಆಗ್ತೈತಲ್ಲ ಸಾಬ್ರೇ ನೀರು” ಎಂದು ನಡುನಡುವೆ ನರಳುತ್ತಿದ್ದರು. ಆಮೇಲೆ ಗಾಡಿಯ ಸದ್ದು ಕೇಳಿತು, ಮಂಜ “ಅವ್ವಾ, ಅಲ್ಲೇ ಇರು!” ಎಂದು ಕೂಗಿದ್ದು ಕೇಳಿತು. ಗುಂಯ್ ಎನ್ನುವ ಸದ್ದು ನಿಂತಿತು.

ಆ ಹೊತ್ತಿನಲ್ಲೇ ನಾನು ಅಭ್ಯಾಸದಿಂದ ಪರದೆ ತೆರೆದು ನೋಡಿದ್ದೆ. ಪಂಚನಹಳ್ಳಿ, ಬಿಸಿಲು: ಸೊನ್ನೆ. ಮಾರನೆಯ ದಿನ ಜಗಳ ಮಾಡಿ ಮೂಲ ಓದನ್ನು ತರಿಸಿಕೊಂಡೆ. ಅಷ್ಟು ಕರೆಂಟನ್ನು ಲಾಗರ್ ಪೂರ್ತಿ ಸೋಸಲಾರದೆ ಬಾಯಿಗೆ ಬಂದದ್ದು ಬರೆದಿತ್ತು. ಓದು ಮುನ್ನೂರು ದಾಟಿತ್ತು. ಕತ್ತಲಾದ ಮೇಲೆ ಮುನ್ನೂರು ವ್ಯಾಟ್ ಬಿಸಿಲು. ಯಂತ್ರ ಗಂಟಲು ಹರಿಯುವಂತೆ ಕೂಗಿದೆ, ನಾವು ಅದರ ಬಾಯಿ ಮುಚ್ಚಿ ಸೊನ್ನೆ ಬರೆದಿದ್ದೇವೆ. ಆ ಓದನ್ನು ಸುರೇಶ್ ಅವರಿಗೆ ಕಳಿಸಿದೆ. ಅವರು ಫೋನ್ ಮಾಡಿ, “ಇದನ್ನ ಈಗಲೇ ಮೇಲಕ್ಕೆ ಕಳಿಸ್ತೀನಿ” ಅಂದರು. ಮೇಲಿನವರಿಗೆ ಬರೆದರಂತೆ. ಮುಂದಿನ ಪರಿಷ್ಕರಣೆಯಲ್ಲಿ ನೋಡೋಣ ಎಂಬ ಉತ್ತರ ಬಂತಂತೆ. ನಾನು ನಿವೃತ್ತನಾದ ದಿನದವರೆಗೂ ಆ ಸೊನ್ನೆ ಹಾಗೇ ಇತ್ತು.

ಮಂಜ ಮಾತ್ರ ಬದಲಾದ. ಮರುದಿನ ಕರೆಂಟ್ ಆಫೀಸಿಗೆ ಹೋಗಿ ಕೂತವನು, ದಿನಾ ಹೋಗಿ ಕೂತ. ಇವನ ಕಾಟ ತಡೆಯಲಾರದೆ ಮಳೆಗಾಲದ ಹೊತ್ತಿಗೆ ಎರಡು ಕಂಬ ನೆಟ್ಟು ನ್ಯೂಟ್ರಲ್ ಎಳೆದುಕೊಟ್ಟರು. ನಾನು ಹೋಗಿ ಅಳೆದುನೋಡಿ ಬಂದೆ. ಪೈಪಿನಲ್ಲಿ ಏನೂ ಇಲ್ಲ. ಗಂಗಕ್ಕ ನರದ ಗುಳಿಗೆ ಬಿಟ್ಟಿದ್ದಾರೆ, ಎಮ್ಮೆಯ ಕೊರಳಿನ ತಾಯ್ತ ಬಿಚ್ಚಿಲ್ಲ. ಅದರಿಂದಲೇ ವಾಸಿಯಾಯಿತೆಂದು ಅವರ ನಂಬಿಕೆ, ಇರಲಿ ಬಿಡಿ.

ಕೆಲಸ ಕಲಿಸಿದ ಪಾಠ ಏನು ಎಂದು ಬೀಳ್ಕೊಡುಗೆಯ ದಿನ ನನ್ನ ಜಾಗಕ್ಕೆ ಬಂದ ಎಂಜಿನಿಯರ್ ಕೇಳಿದಳು. ತಪ್ಪು ಓದು ಕಂಡರೆ ಅದನ್ನು ಕಳೆಯುವುದಕ್ಕೆ ಮೊದಲು ಅಲ್ಲಿಗೆ ಹೋಗಿ, ಸುತ್ತಮುತ್ತ ಇರುವವರನ್ನು ಮಾತಾಡಿಸು ಅಂದೆ. ಮಂಡಿ ಗಟ್ಟಿ ಇರುವಾಗಲೇ ಹೋಗು ಅಂತಲೂ ಅಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಆ ಮೂರು ತಾಲ್ಲೂಕುಗಳ ಹೊಲಗಳಲ್ಲಿ ಇನ್ನೂ ಎಷ್ಟು ಮನೆಗಳ ಬಲ್ಬು ನೆಲಕ್ಕೆ ಅರ್ಥ್ ಕೊಟ್ಟು ಉರಿಯುತ್ತಿದೆಯೋ, ಎಷ್ಟು ಹೆಂಗಸರು ಸೆರಗು ಮಡಿಸಿ ನಲ್ಲಿ ತಿರುಗಿಸುತ್ತಿದ್ದಾರೋ, ನನಗೆ ತಿಳಿಯದು. ಅವರ ಹತ್ತಿರ ನಮ್ಮ ಕಂಬ ಇಲ್ಲ.

ಈಗ ನನ್ನ ಮೊಬೈಲಿನಲ್ಲಿ ಆ ಪರದೆ ತೆರೆಯುವುದಿಲ್ಲ; ಪಾಸ್‌ವರ್ಡ್ ಒಪ್ಪಿಸಿ ಬಂದಿದ್ದೇನೆ. ತೆರೆದರೂ ಸೊನ್ನೆಯೇ ಕಾಣುವುದು. ಹಾಗಾಗಿ ವಾರಕ್ಕೊಮ್ಮೆ ಸಂಜೆ ಪಂಚನಹಳ್ಳಿಗೆ ಫೋನ್ ಮಾಡುತ್ತೇನೆ. “ಸ್ವಂತ ಮಗಳಿಗೆ ಮಾಡಲ್ಲ, ಎಮ್ಮೆಯ ಯೋಗಕ್ಷೇಮ ವಿಚಾರಿಸ್ತೀರಾ” ಎಂದು ಹೆಂಡತಿ ರೇಗಿಸುತ್ತಾಳೆ. ರೇಗಿಸಲಿ.

“ಗಂಗಕ್ಕ, ಎಮ್ಮೆ ನೀರು ಕುಡೀತಾ?”

“ಈಗ ಕುಡೀತಾ ಐತೆ ಕಣಪ್ಪ. ಕೇಳುಸ್ಕಳಿ.”

ಅವರು ಫೋನನ್ನು ಬಾನಿಯ ಹತ್ತಿರ ಹಿಡಿಯುತ್ತಾರೆ. ನಾನು ಕಣ್ಣು ಮುಚ್ಚಿಕೊಂಡು ಆ ಸದ್ದು ಮುಗಿಯುವವರೆಗೆ ಕೇಳುತ್ತೇನೆ.